ಸೀಮಂತದ ಬಳೆ ತೆಗೆದವಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಒಳಗೊಳಗೇ ನಕ್ಕವಳು ನಾನು. ಯಾರೋ ಬಂದು ಎಚ್ಚರಿಸಿ ಹೋದರಂತೆ, ಆಮೇಲೆ ವಿಚಾರಿಸಿದರೆ ಅಂಥವರು ಊರಲ್ಲೇ ಇರಲಿಲ್ಲವಂತೆ. ಹೀಗೆ ಮುಗಿಯುವ ಕಥೆ ನಮ್ಮ ಕಡೆ ಮನೆಗೊಂದು ಇರುತ್ತದೆ. ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿರಲಿಲ್ಲ. ಹೇಳಿ ಹೇಳಿ ಕಥೆ ನುಣ್ಣಗಾಗಿದೆ, ಅವರಿಗೆ ಅದು ತಿಳಿಯುತ್ತಿಲ್ಲ ಎಂದುಕೊಳ್ಳುತ್ತಿದ್ದೆ. ನಾನು ಓದಿದ್ದು ಇತಿಹಾಸ, ಕಲಿಸುವುದೂ ಅದನ್ನೇ. ಒಬ್ಬರ ಸಾಕ್ಷ್ಯವನ್ನು ನೆಚ್ಚಿಕೊಳ್ಳಬೇಡಿ ಎಂದು ಪ್ರತಿ ವರ್ಷವೂ ಹುಡುಗರಿಗೆ ಹೇಳುತ್ತೇನೆ. ಈಗ ಬರೆಯುತ್ತಿರುವುದರಲ್ಲಿ ಮುಖ್ಯ ಭಾಗಕ್ಕೆ ನಾನೊಬ್ಬಳೇ ಸಾಕ್ಷಿ. ಅದೂ ಆ ಹೊತ್ತಿನಲ್ಲಿ ಮೈ ಸರಿಯಿಲ್ಲದಿದ್ದ ಸಾಕ್ಷಿ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಎಷ್ಟು ನಂಬಬೇಕೋ ನೀವೇ ತೀರ್ಮಾನಿಸಬಹುದು.

ಆರು ವರ್ಷದ ಹಿಂದಿನ ಮಾತು. ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಕೆಲಸಕ್ಕಿದ್ದೆ, ಗಂಡನಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮೊದಲ ಬಸುರಿ. ಭಯ ಎಂದರೆ ಸಣ್ಣ ಭಯವಲ್ಲ. ಐದನೆಯ ತಿಂಗಳಲ್ಲಿ ಹಾಸಿಗೆಯಿಂದ ಏಳುವಾಗ ಕಿಬ್ಬೊಟ್ಟೆಯ ಪಕ್ಕದಲ್ಲಿ ಚುಚ್ಚಿದ ಹಾಗಾಯಿತು, ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಗರ್ಭ ದೊಡ್ಡದಾಗುವಾಗ ಪಕ್ಕದ ಎಳೆಗಳು ಜಗ್ಗುತ್ತವೆ, ಏನೂ ಆಗಿಲ್ಲ ಎಂದರು. ಆರನೆಯ ತಿಂಗಳಲ್ಲಿ ಎದೆ ಉರಿ ಬಂತು, ಹೃದಯದ್ದೇ ತೊಂದರೆ ಎಂದು ಮತ್ತೆ ಓಡಿದೆ. ಊಟವಾದ ತಕ್ಷಣ ಮಲಗಬೇಡಿ ಎಂದರು. ಏಳರಲ್ಲಿ ಮೀನಖಂಡ ಹಿಡಿದುಕೊಂಡಿತು, ಹೊಟ್ಟೆಯೊಳಗೆ ಒಂದೇ ಸಮ ಟಕ್ ಟಕ್ ಎಂದಿತು. ಅದಕ್ಕೂ ಓಡಿದೆ. ಮಗುವಿಗೆ ಬಿಕ್ಕಳಿಕೆ ಬಂದಿದೆ ಎಂದು ಡಾಕ್ಟರಮ್ಮ ನಕ್ಕುಬಿಟ್ಟರು. "ಅನುಮಾನ ಬಂದಾಗೆಲ್ಲ ಬರ್ತಾ ಇರಿ, ತಪ್ಪೇನಿಲ್ಲ" ಎಂದೂ ಸೇರಿಸಿದರು. ಈಗ ಯೋಚಿಸಿದರೆ ಅವರು ಮನಸ್ಸಿನಿಂದಲೇ ಹೇಳಿದ್ದು. ಆದರೆ ಹೊರಗೆ ಕೂತಿದ್ದ ಹೆಂಗಸರೂ ನಕ್ಕರಲ್ಲ, ನನಗೆ ಅದೇ ಕಿವಿಯಲ್ಲಿ ಉಳಿಯಿತು. ಆ ದಿನದ ಡೈರಿಯಲ್ಲಿ ಹೀಗಿದೆ: "ಮೂರನೆಯ ಸಲ ನಗೆಪಾಟಲು. ಇನ್ನು ಮೇಲೆ ಅಮ್ಮನನ್ನು ಕೇಳಿದರೆ ಸಾಕು."

ಎಂಟಕ್ಕೆ ಬಿದ್ದ ಮೇಲೆ ಸೀಮಂತ ಮಾಡಿ ನನ್ನನ್ನು ತವರಿಗೆ ಕರೆತಂದರು. ನಮ್ಮ ಊರು ಬೆಂಗಳೂರು ಸೀಮೆಯ ವಿಜಯಪುರಕ್ಕೆ ಐದಾರು ಮೈಲಿ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ. ರೇಷ್ಮೆ ಹುಳು ಸಾಕುತ್ತಾರೆ. ಹುಳು ಮನೆ ತೋಟದಲ್ಲಿದೆ, ಮನೆಯಿಂದ ಹತ್ತು ನಿಮಿಷದ ನಡಿಗೆ. ಸೀಮಂತದ ದಿನ ಎರಡೂ ಕೈಗೆ ಹಸಿರು ಗಾಜಿನ ಬಳೆ ಮೊಳಕೈ ಹತ್ತಿರದವರೆಗೆ ತೊಡಿಸಿದ್ದರು. ನಮ್ಮ ಮನೆಯ ಪದ್ಧತಿಯಲ್ಲಿ ಆ ಬಳೆಗಳನ್ನು ಹೆರಿಗೆಯಾಗುವ ತನಕ ತೆಗೆಯುವಂತಿಲ್ಲ. ಆಮೇಲೆ ಹೆರಿಗೆ ಮಾಡಿಸಿದವರಿಗೇ ಕೊಡಬೇಕು. ಬಳೆ ಎಷ್ಟು ಸಣ್ಣ ಅಳತೆಯದಾದರೆ ಅಷ್ಟು ಹೆಚ್ಚುಗಾರಿಕೆ ಎಂದು ಒಂದು ಹುಚ್ಚು ಬೇರೆ. "ನೋಡಿ, ನಮ್ಮ ಹುಡುಗಿ ಕೈ ಎರಡು ನಾಲ್ಕೇ" ಎಂದು ಅಮ್ಮ ಬಂದವರಿಗೆಲ್ಲ ತೋರಿಸಿದ್ದಳು.

ಅಮ್ಮನ ಬಳಿ ನನ್ನ ಎಲ್ಲ ತೊಂದರೆಗೂ ಒಂದೇ ಔಷಧ ಇತ್ತು. "ನಂಗೂ ಹಂಗೇ ಆಗಿತ್ತು." ಬೆನ್ನು ನೋವು ಎಂದರೆ, ನಂಗೂ ಹಂಗೇ ಆಗಿತ್ತು. ಸಂಜೆ ಹೊತ್ತಿಗೆ ಕಾಲು ಊದಿದರೆ, "ನಿನ್ನ ಹೊಟ್ಟೇಲಿಟ್ಕೊಂಡು ಸೊಪ್ಪಿನ ಹೊರೆ ಹೊತ್ತಿದ್ದೀನಿ ಕಣೇ, ನನ್ನ ಕಾಲು ಒನಕೆ ಆಗಿರ್ತಿತ್ತು. ಬೆಳಿಗ್ಗೆ ನೋಡಿದ್ರೆ ಇಳಿದಿರೋದು." ನನ್ನ ಕಾಲೂ ಬೆಳಿಗ್ಗೆಗೆ ಇಳಿದಿರುತ್ತಿತ್ತು. ಉಸಿರು ಕಟ್ಟಿದ ಹಾಗಾಗುತ್ತದೆ ಎಂದರೆ ಎಡಮಗ್ಗುಲಿಗೆ ದಿಂಬು ಕೊಡುತ್ತಿದ್ದಳು, ಸರಿಹೋಗುತ್ತಿತ್ತು. ಇದನ್ನು ಒತ್ತಿ ಹೇಳಬೇಕು. ಅಮ್ಮ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹತ್ತು ಸಲ ಸರಿಯಾದ ಮೇಲೆ ಹನ್ನೊಂದನೆಯ ಸಲ ಯಾರು ತಾನೆ ಅನುಮಾನಿಸುತ್ತಾರೆ? ಅತ್ತಿಗೆಯಂತೂ, "ಮೇಡಮ್ಮೋರು ಬುಕ್ಕು ಓದಿ ಓದಿ ಹೊಟ್ಟೇಲಿರೋ ಮಗೂಗೂ ಈಗ್ಲೇ ಪರೀಕ್ಷೆ ಭಯ ಹತ್ತಿಸ್ತಾವ್ರೆ" ಎಂದು ಕೀಟಲೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಬಂದು ಎರಡು ವಾರವಾಗಿತ್ತು. ಹುಳು ಕೊನೆಯ ಹಂತದಲ್ಲಿದ್ದವು. ಆ ದಿನಗಳಲ್ಲಿ ಮನೆಯವರಿಗೆ ನಿದ್ದೆ ಊಟದ ಲೆಕ್ಕವಿರುವುದಿಲ್ಲ. ಹುಳು ಹಣ್ಣಾಗಿ, ಮೈ ಹೊಳಪಾಗಿ, ಸೊಪ್ಪು ತಿನ್ನುವುದನ್ನು ಬಿಟ್ಟ ಕೂಡಲೇ ಒಂದೊಂದನ್ನೂ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡಬೇಕು. ಅರ್ಧ ದಿನ ತಡವಾದರೆ ಹಾಸಿಗೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅದಕ್ಕೆ ಮೊದಲು ಸುಣ್ಣ, ಬ್ಲೀಚಿಂಗ್ ಪುಡಿ ಎಂದು ಉದುರಿಸಿದ್ದರು. ಮನೆಯವರ ಬಟ್ಟೆಯಲ್ಲೆಲ್ಲ ಅದೇ ವಾಸನೆ.

ನನಗೆ ತಲೆನೋವು ಶುರುವಾದದ್ದು ಆಗಲೇ. "ಬ್ಲೀಚಿಂಗ್ ವಾಸನೆ ಕಣೇ, ನಮ್ಗೇ ತಲೆ ಸಿಡೀತದೆ" ಎಂದಳು ಅಮ್ಮ. ನಿಜ, ಅತ್ತಿಗೆಗೂ ತಲೆನೋವಿತ್ತು. ಮರುದಿನ ಬಲಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿತು. "ಮಗು ಕಾಲು ಕೊಟ್ಟೈತೆ." ಮುಖ ಸ್ವಲ್ಪ ಉಬ್ಬಿತು. "ತವರಿನ ಊಟ, ಕಳೆ ಬಂದೈತೆ." ಬಳೆ ಬಿಗಿಯಾಗಿ ಮಣಿಕಟ್ಟಿನ ಮೇಲೆ ಗೆರೆ ಬಿತ್ತು. ಅದನ್ನು ಕಂಡು ಅಮ್ಮನಿಗೆ ಸಂತೋಷವೇ ಆಯಿತು. "ಮೈ ಕೈ ತುಂಬ್ಕೊಂಡವ್ಳೆ, ಮಗು ಚೆನ್ನಾಗಿ ಬೆಳೀತೈತೆ." ಕಣ್ಣ ಮುಂದೆ ಆಗಾಗ ಸುರುಸುರುಬತ್ತಿಯ ಕಿಡಿ ಉದುರಿದ ಹಾಗೆ ಕಾಣುತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಬಿಸಿಲು ನೋಡಿದ್ದಕ್ಕೆ ಇರಬೇಕು ಎಂದು ನಾನೇ ಒಂದು ಉತ್ತರ ಮಾಡಿಕೊಂಡೆ. ಮೂರು ವಾರದ ಹಿಂದೆ ತೋರಿಸಿದಾಗ ಬಿ.ಪಿ. ಸರಿಯಾಗಿಯೇ ಇತ್ತಲ್ಲ. ಮನೆಯವರೆಲ್ಲ ಹುಳುವಿನ ಹಿಂದೆ ಇರುವಾಗ ನಾಲ್ಕನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎನ್ನಲು ನನಗೆ ನಾಚಿಕೆ.

ಆ ದಿನ ಬೆಳಗಿನ ಡೈರಿ ನನ್ನ ಮುಂದಿದೆ. "ತಲೆನೋವು ಮೂರನೆಯ ದಿನ. ಮಾತ್ರೆಗೆ ಬಗ್ಗಲಿಲ್ಲ. ಬಳೆ ಬಿಗಿ. ಹುಳು ಹಣ್ಣಾಗಿವೆ, ಎಲ್ಲರೂ ತೋಟಕ್ಕೆ." ಇಷ್ಟೇ. ಅಕ್ಷರ ಗೆರೆ ಬಿಟ್ಟು ಇಳಿದಿದೆ.

ಮಧ್ಯಾಹ್ನ ಮೂರು ಗಂಟೆಯ ಸುಮಾರು. ಒಳಗೆ ಸೆಕೆ ಎಂದು ಬಂದು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಅವರೆಕಾಯಿಯ ಕಾಲ. ರಸ್ತೆಯ ಆಚೆ ಎದುರು ಮನೆಯ ಪಿಳ್ಳಮ್ಮ ತನ್ನ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ತಲೆಯ ಮೇಲೆ ಒಂದು ವಿಮಾನ ಇಳಿಯುತ್ತ ಹೋಯಿತು. ಆ ಸದ್ದು ನನ್ನ ತಲೆಯ ಒಳಗೇ ಹೋದ ಹಾಗಾಗಿ ಕಣ್ಣು ಮುಚ್ಚಿದೆ. ತೆರೆದಾಗ ಮೆಟ್ಟಿಲ ಬಳಿ ಒಬ್ಬ ಹೆಂಗಸು ಕೂತಿದ್ದಳು. ಹೆಗಲಿನಿಂದ ಬಳೆಯ ಮಲಾರ ಇಳಿಸುತ್ತಿದ್ದಳು. ಹಗ್ಗಕ್ಕೆ ಪೋಣಿಸಿದ ಬಳೆಯ ಸರಗಳ ಆ ಗೊಂಚಲನ್ನು ನಾನು ಚಿಕ್ಕವಳಾಗಿದ್ದಾಗ ನೋಡಿದ್ದೆ. ಈಗ ಬಳೆಯವರು ಬಂದರೂ ಮೊಪೆಡ್ಡಿಗೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಾರೆ. ಇದು ಆಗ ಹೊಳೆಯಲಿಲ್ಲ.

"ಬಳೆ ಇಕ್ಕಿಸ್ಕೊಂತೀಯಾ ತಾಯಿ?" ಮಾತಿನಲ್ಲಿ ತೆಲುಗಿನ ಎಳೆತವಿತ್ತು.

"ಬೇಡಮ್ಮ, ಸೀಮಂತದ್ದು ಇದಾವೆ. ಸ್ವಲ್ಪ ಬಿಗಿ, ಅಷ್ಟೇ."

"ಬಿಗಿಯಾದವಾ, ಬಿಗಿಯಾಗೇ ಇಕ್ಕಿದ್ರಾ?"

ಎರಡು ವಾರದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಸೀಮಂತದ ದಿನ ಬಳೆಗಳು ಕೈ ಎತ್ತಿದರೆ ಒಂದಿಷ್ಟು ಜಾರುತ್ತಿದ್ದವು, ಅದು ನೆನಪಿತ್ತು. ಈಗ ಅಲುಗಾಡುತ್ತಿರಲಿಲ್ಲ.

ಅವಳು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳನ್ನು ನನ್ನ ಮುಂಗೈಯ ಮೇಲೆ ಒತ್ತಿ ಹಿಡಿದು, ತೆಗೆದಳು. ಅಲ್ಲೊಂದು ಗುಳಿ ಬಿತ್ತು. ಇಬ್ಬರೂ ಅದನ್ನು ನೋಡುತ್ತ ಕೂತೆವು. ಗುಳಿ ತುಂಬಲೇ ಇಲ್ಲ.

"ಕಾಲು ಊದೋದು ಭೂಮಿ ಎಳೆಯೋದು ತಾಯಿ" ಎಂದಳು. "ಸಂಜೆಗೆ ಊದ್ತದೆ, ಬೆಳಿಗ್ಗೆಗೆ ಇಳೀತದೆ. ಕೈ ಯಾಕೆ ಊದ್ತದೆ? ಕಣ್ಣಿನ ರೆಪ್ಪೆ ಯಾಕೆ ಊದ್ತದೆ?"

"ಅಮ್ಮಂಗೂ ಹಂಗೇ…"

"ನಿಮ್ಮಮ್ಮನ ಕೈ ನಾನು ಹಿಡಿದಿಲ್ಲ. ನಿನ್ನ ಕೈ ಹಿಡಿದಿದ್ದೀನಿ. ತಲೆ ನೋಯ್ತದಾ?"

"ಮೂರು ದಿನದಿಂದ."

"ಮಲಗಿ ಎದ್ರೆ ಹೋಗ್ತದಾ?"

"ಇಲ್ಲ. ಮಾತ್ರೆ ತಗೊಂಡ್ರೂ ಹೋಗ್ಲಿಲ್ಲ."

"ಕಣ್ಣ ಮುಂದೆ ಮಿಣುಕು?"

ನಾನು ಯಾರಿಗೂ ಹೇಳಿರದ ಮಾತು ಅದು. ಹೌದು ಎಂದೆ. ಎದೆಯ ಕೆಳಗೆ ಬಲಗಡೆ ನೋವಾ ಎಂದಳು. ಹೌದು. ಒಂದಕ್ಕೆ ಹೋಗುವುದು ಕಡಿಮೆಯಾಗಿದೆಯಾ ಎಂದಳು. ಯೋಚಿಸಿದರೆ ಅದೂ ಹೌದು. ಮಗು ಆಡ್ತಾ ಇದೆಯಾ ಎಂದಳು. ಬೆಳಿಗ್ಗೆ ಆಡಿತ್ತೇ, ಹಿಂದಿನ ದಿನವೇ?

"ಒಂದೊಂದೇ ಬಂದ್ರೆ ಒಂದೊಂದಕ್ಕೂ ಒಂದು ಸಬೂಬು ಹೇಳ್ಬಹುದು" ಎಂದಳು. "ಎಲ್ಲಾ ಕೈ ಹಿಡ್ಕೊಂಡು ಒಟ್ಟಿಗೆ ಬಂದವಲ್ಲ. ಈಗ್ಲೇ ಹೋಗು. ನಾಳೆ ಅನ್ಬೇಡ."

"ಸುಮ್ಸುಮ್ನೆ ಬಂದಿದಾಳೆ ಅಂತ ನಗ್ತಾರೆ."

"ನಗಿಸ್ಕೊಂಡು ಬಾ. ಬಂದ್ಮೇಲೆ ನೀನೂ ನಗು. ಯಾರು ಬೇಡ ಅಂದ್ರು?"

ಆಮೇಲೆ ಅವಳು ಸೆರಗಿನ ತುದಿಯನ್ನು ಒದ್ದೆ ಮಾಡಿ ನನ್ನ ಬಳೆಗಳ ಅಡಿಗೆ ತೂರಿಸಿದಳು. ನೀರು ಎಲ್ಲಿಂದ ತೆಗೆದುಕೊಂಡಳೋ ಗೊತ್ತಿಲ್ಲ. ಒಂದೊಂದೇ ಬಳೆಯನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದಳು. ಚಿಟ್, ಚಿಟ್ ಎಂದು ಸಣ್ಣ ಸದ್ದು. "ಒಕಟಿ, ರೆಂಡು, ಮೂಡು" ಎಂದು ಮೆಲ್ಲಗೆ ಎಣಿಸುತ್ತಿದ್ದಳು. ಸೀಮಂತದ ಬಳೆ ಒಡೆಯಬಾರದು ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಕೈಗೆ ರಕ್ತ ಓಡಿದ ಸುಖಕ್ಕೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅವಳ ಹೆಬ್ಬೆರಳ ಬುಡದಲ್ಲಿ ಹಳೆಯ ಗಾಜಿನ ಗೀರುಗಳಿದ್ದವು, ಅದರ ಪಕ್ಕ ಮೂರು ಚುಕ್ಕೆ ಹಚ್ಚೆ. ಇದು ಈಗಲೂ ಬರೆದು ತೋರಿಸುವಷ್ಟು ಸ್ಪಷ್ಟ. ಅವಳ ಮುಖ ಮಾತ್ರ ನೆನಪಿಲ್ಲ. ಮಸುಕಾಗಿದೆ ಎಂದಲ್ಲ, ಇಲ್ಲವೇ ಇಲ್ಲ.

ಮುಂದಿನ ನೆನಪು ಅಮ್ಮನದು. ಆಳುಗಳಿಗೆ ಟೀ ಒಯ್ಯಲು ಬಂದವಳು ಅಂಗಳದಲ್ಲೇ ನಿಂತುಬಿಟ್ಟಿದ್ದಳು. ಕೈಯಲ್ಲಿದ್ದ ಕ್ಯಾನು ಕೆಳಗೆ ಬಿದ್ದಿತ್ತು.

"ಅಯ್ಯಯ್ಯೋ, ಏನೇ ಇದು! ಯಾರೇ ಬಳೆ ಒಡೆದೋರು!"

"ಬಳೇವಳು ಬಂದಿದ್ಲಮ್ಮ. ಆಸ್ಪತ್ರೆಗೆ ಹೋಗು ಅಂದ್ಲು."

ಎರಡನೆಯ ಮಾತು ಅವಳ ಕಿವಿಗೆ ಬಿದ್ದಂತಿರಲಿಲ್ಲ. ಅವಳು ನೋಡುತ್ತಿದ್ದುದು ನನ್ನ ಕೈಗಳನ್ನು. ಮೂರು ದಿನದ ತಲೆನೋವು ಅಮ್ಮನನ್ನು ಹೆದರಿಸಿರಲಿಲ್ಲ, ಉಬ್ಬಿದ ಮುಖ ಹೆದರಿಸಿರಲಿಲ್ಲ. ಹೆರಿಗೆಗೆ ಮೊದಲೇ ಸೀಮಂತದ ಬಳೆ ಒಡೆದದ್ದು ಹೆದರಿಸಿತು. ಅಪಶಕುನ ಎಂದರೆ ಅವಳಿಗೆ ಇದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದಳು. "ಹುಳ ಹಾಳಾಗೋಗ್ಲಿ ಕಣೋ, ವ್ಯಾನು ತಗೊಂಡು ಬಾ. ನನ್ನ ಮಗಳ ಬಳೆ ಒಡೆದೋಗೈತೆ."

ಗೂಡು ಸಾಗಿಸುವ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ಮೊದಲು ಹತ್ತಿರದ ಆಸ್ಪತ್ರೆ. ಅಲ್ಲಿ ನರ್ಸು ನಗುತ್ತಲೇ ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ನಗಲಿಲ್ಲ. ಮೇಲಿನದು ನೂರ ಎಪ್ಪತ್ತು ದಾಟಿತ್ತು. ಮೂತ್ರ ಪರೀಕ್ಷೆಯೂ ಸರಿಯಿರಲಿಲ್ಲ. ಸೂಜಿಮದ್ದು ಕೊಟ್ಟು ಆಂಬುಲೆನ್ಸಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಸುರಿನಲ್ಲಿ ರಕ್ತದೊತ್ತಡ ಹೀಗೆ ಏರಿದರೆ ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು, ಇನ್ನೊಂದು ರಾತ್ರಿ ಕಾದಿದ್ದರೆ ತಾಯಿ ಮಗು ಇಬ್ಬರ ವಿಷಯದಲ್ಲೂ ಏನೂ ಹೇಳುವಂತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಗಂಡನಿಗೆ ಹೇಳಿದರಂತೆ. ಆ ಸಂಜೆಯೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಎರಡು ಕೆ.ಜಿ. ಕೂಡ ಇರಲಿಲ್ಲ. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿ ಇದ್ದಳು.

ಆಪರೇಷನ್ನಿಗೆ ಮೊದಲು ಕೈಯಲ್ಲಿದ್ದುದನ್ನೆಲ್ಲ ತೆಗೆಯುವಾಗ ನರ್ಸೊಬ್ಬರು ಕೇಳಿದ್ದು ನೆನಪಿದೆ. "ಕೈ ಇಷ್ಟು ಊದಿದೆ. ಮಣಿಕಟ್ಟಲ್ಲಿ ಬಳೆ ಗುರುತಿದೆ. ಯಾರು ಬಿಡಿಸಿದ್ರು? ಒಂದು ಗೀರೂ ಇಲ್ವಲ್ಲ!" ನನ್ನ ಎರಡು ಕೈಯಲ್ಲೂ ಒಂದೊಂದು ಬಳೆ ಇತ್ತು. ಹಸಿರಿನವೇ, ಆದರೆ ದೊಡ್ಡ ಅಳತೆಯವು, ಸಡಿಲವಾಗಿ ಆಡುತ್ತಿದ್ದವು. ಕೈ ಬರಿದಾಗದಿರಲಿ ಎಂದು ಬಳೆಯವರು ಹಾಗೆ ಒಂದೊಂದು ತೊಡಿಸುವುದುಂಟು. ಅವಳು ತೊಡಿಸಿದ್ದು ನನಗೆ ನೆನಪಿಲ್ಲ.

ಗಾಜಿನ ಆಚೆ ಮಗುವನ್ನು ನೋಡುತ್ತ ಒಂದು ದಿನ ಅಮ್ಮ, "ನಂಗೂ ಹಂಗೇ ಆಗಿತ್ತು ಅಂತ ಇನ್ಮೇಲೆ ಯಾರ್ಗೂ ಹೇಳಲ್ಲ ಕಣೇ" ಎಂದಳು. ಅವಳು ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. "ಹೇಳಮ್ಮ. ಹತ್ತು ಸಲ ಸರಿಯಾಗೇ ಹೇಳಿದ್ದೆ. ಹೇಳಿದ್ಮೇಲೆ ಒಂದ್ಸಲ ತೋರಿಸ್ಕೊಂಡು ಬಾ ಅಂತ ಸೇರಿಸು, ಅಷ್ಟೇ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಗುಳಿ ಬೀಳಲಿಲ್ಲ.

ಊರಿಗೆ ಮರಳಿದ ಮೇಲೆ ಆ ಬಳೆಯವಳಿಗೆ ಒಂದು ಸೀರೆ ಕೊಡಬೇಕು ಎಂದು ವಿಚಾರಿಸಿದೆ. ಅಂಥವಳು ಯಾರಿಗೂ ಗೊತ್ತಿರಲಿಲ್ಲ. ಸುತ್ತಿನ ಹಳ್ಳಿಗಳಿಗೆ ಬರುವವನು ಒಬ್ಬನೇ, ಗಂಡಸು, ಮೊಪೆಡ್ಡಿನವನು. ವಿಜಯಪುರದ ಬಳೆ ಅಂಗಡಿಗಳಲ್ಲಿ ಕೇಳಿಸಿದೆ. ಮಲಾರ ಹೊತ್ತು ತಿರುಗುವವರು ಈಗೆಲ್ಲಿದ್ದಾರೆ ಎಂದರು. ಕೊನೆಗೆ ಎದುರು ಮನೆಯ ಪಿಳ್ಳಮ್ಮನನ್ನು ಕೇಳಿದೆ. ಅವಳು ಆ ಮಧ್ಯಾಹ್ನ ಎದ್ದು ಹೋಗಿರಲಿಲ್ಲ.

"ಯಾರೂ ಬರ್ಲಿಲ್ವಲ್ಲಮ್ಮ" ಎಂದಳು. "ನೀನು ಒಬ್ಬಳೇ ಕೂತ್ಕೊಂಡು ಮಾತಾಡ್ತಿದ್ದೆ. ಕಿವೀಲಿ ಅದೇನೋ ವೈರು ಇಕ್ಕೊಂಡಿರ್ತಾಳೆ, ಗಂಡನ ಜೊತೆ ಮಾತಾಡ್ತಾವ್ಳೆ ಅನ್ಕೊಂಡೆ. ಗಂಡ ಹೆಂಡ್ರ ಮಾತು ಕದ್ದು ಕೇಳೋಕಾಯ್ತದಾ ಅಂತ ನಾನು ಕಾಳು ನೋಡ್ಕೊಂಡು ಸುಮ್ನಾದೆ."

ಅಮ್ಮನಿಗೆ ಅಷ್ಟೇ ಸಾಕಾಯಿತು. ಬಂದದ್ದು ಊರ ದೇವತೆಯೇ ಎಂದು ಮಡಿಲು ತುಂಬಲು ಹೊರಟಳು. "ಸುಮ್ನಿರಿ ಅತ್ತೆ, ಊರಮ್ಮ ಬಂದು ಒಂದಕ್ಕೆ ಸರಿಯಾಗಿ ಹೋಗ್ತಾ ಇದೀಯಾ ಅಂತ ಕೇಳ್ತಾಳಾ?" ಎಂದರು ಅತ್ತಿಗೆ. ಎಲ್ಲರೂ ನಕ್ಕೆವು. ಆದರೆ ಅತ್ತಿಗೆಯೇ ಇನ್ನೊಂದು ಮಾತನ್ನೂ ಹೇಳಿದರು. ನಾವೆಲ್ಲ ಆಸ್ಪತ್ರೆಗೆ ಹೋದ ಮೇಲೆ ಜಗಲಿ ಗುಡಿಸಲು ಹೋದರೆ ಗಾಜಿನ ಚೂರು ಎಲ್ಲೂ ಚೆಲ್ಲಿರಲಿಲ್ಲವಂತೆ. ಮೆಟ್ಟಿಲ ಮೂಲೆಯಲ್ಲಿ, ಕಾಲಿಗೆ ಸಿಗದ ಜಾಗದಲ್ಲಿ, ಹಿಪ್ಪುನೇರಳೆ ಎಲೆಯ ಮೇಲೆ ಒಪ್ಪವಾಗಿ ಗುಡ್ಡೆ ಮಾಡಿತ್ತಂತೆ. ಎಂಟು ತಿಂಗಳ ಹೊಟ್ಟೆ ಹೊತ್ತ ನಾನು ಬಗ್ಗಿ ಅವನ್ನು ಆಯ್ದಿರಲಾರೆ. ಆಯ್ದಿದ್ದರೂ ಇರಬಹುದು. ಆ ಎರಡು ದೊಡ್ಡ ಬಳೆ? ಅತ್ತಿಗೆಯ ಕೈ ಅಳತೆ ಎರಡು ಎಂಟು. ಅವರ ಬಳೆ ಡಬ್ಬಿ ನಡುಮನೆಯ ಕಿಟಕಿಯಲ್ಲೇ ಇರುತ್ತದೆ. ಅದರಿಂದ ಎರಡು ಕಡಿಮೆಯಾಗಿವೆಯೇ ಎಂದರೆ, "ಯಾರು ಎಣಿಸಿಟ್ಟಿದ್ರು ಮೇಡಮ್ಮೋರೆ?" ಎಂದರು.

ಆಪರೇಷನ್ ಮಾಡಿದ ಡಾಕ್ಟರಿಗೂ ಹೇಳಿದೆ. ಅವರು ನಗಲಿಲ್ಲ. ಒತ್ತಡ ಅಷ್ಟು ಏರಿದಾಗ ಮೆದುಳಿನ ಮೇಲೆ ಪರಿಣಾಮವಾಗುತ್ತದೆ, ಗಲಿಬಿಲಿಯಾಗಬಹುದು, ಇಲ್ಲದ್ದು ಕಾಣಬಹುದು, ಕೇಳಬಹುದು ಎಂದರು. "ಆದ್ರೆ ನಿಮ್ಗೆ ಕಂಡವರು ಕೇಳಿದ್ದೆಲ್ಲ ನಾವು ಕೇಳಬೇಕಾದ ಪ್ರಶ್ನೆಗಳೇ" ಎಂದರು. ಮನೆಗೆ ಬಂದು ತಾಯಿ ಕಾರ್ಡು ತೆಗೆದೆ. ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಚಿಹ್ನೆಗಳು ಅದರಲ್ಲೇ ಅಚ್ಚಾಗಿದ್ದವು. ಆರೋಗ್ಯ ಕಾರ್ಯಕರ್ತೆ ನಾಲ್ಕನೆಯ ತಿಂಗಳಲ್ಲಿ ಓದಿ ಹೇಳಿದ್ದರು. ತಲೆನೋವು, ಕಣ್ಣು, ಮುಖ ಮತ್ತು ಕೈಯ ಊತ, ಈ ಸಾಲುಗಳ ಎದುರು ಪೆನ್ಸಿಲ್ಲಿನಲ್ಲಿ ಗುರುತು. ಗೆರೆ ನನ್ನದೇ. ಯಾವಾಗ ಹಾಕಿದೆನೋ ನೆನಪಿಲ್ಲ.

ಹಾಗಾದರೆ ವಿವರಣೆ ಸಿಕ್ಕಿದಂತೆಯೇ. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ನಾನೇ ಹೇಳಿದರೆ ನಾನೇ ನಂಬುತ್ತಿರಲಿಲ್ಲ, ಮೂರು ಸಲ ನಗೆಪಾಟಲಾಗಿದ್ದೆನಲ್ಲ. ಅದಕ್ಕೇ ಅದನ್ನು ಒಬ್ಬ ಹೆಂಗಸಿನ ಬಾಯಲ್ಲಿ ಹೇಳಿಸಿಕೊಂಡೆ. ಇನ್ನೂ ಮುಂದೆ ಹೋಗಿ ಹೀಗೂ ಯೋಚಿಸಿದ್ದೇನೆ: ನನ್ನ ಮಾತಿಗೆ ಅಮ್ಮ ಏಳುವುದಿಲ್ಲ, ಅವಳು ಓದಬಲ್ಲ ಒಂದೇ ಎಚ್ಚರಿಕೆಯ ಚಿಹ್ನೆ ಒಡೆದ ಬಳೆ. ಅದನ್ನು ಅರಿತೇ ನಾನು ಬಳೆ ಒಡೆದುಕೊಂಡಿರಬಹುದೇ? ನನ್ನ ಮೈ ನನಗಿಂತ ಜಾಣತನ ಮಾಡಿರಬಹುದೇ?

ಡೈರಿ ನೋಡಿದರೆ ನನ್ನ ನೆನಪಿನ ಮೇಲೂ ಭರವಸೆ ಉಳಿಯುವುದಿಲ್ಲ. ಮೊದಲ ಬರಹ ಹನ್ನೊಂದು ದಿನದ ಮೇಲಿನದು, ಆಸ್ಪತ್ರೆಯ ಕಾರಿಡಾರಿನಲ್ಲಿ ಬರೆದದ್ದು. ಅದರಲ್ಲಿ ಅವಳ ಸೀರೆ ಕೆಂಪು. ಈಗ ನನ್ನ ನೆನಪಿನಲ್ಲಿ ಅದು ಕಂದು. "ಬಿಗಿಯಾದವಾ, ಬಿಗಿಯಾಗೇ ಇಕ್ಕಿದ್ರಾ" ಎಂಬ ಮಾತು, ಮೇಲೆ ಅಷ್ಟು ಖಚಿತವಾಗಿ ಬರೆದೆನಲ್ಲ, ಅದು ಮೊದಲ ಬರಹದಲ್ಲಿ ಇಲ್ಲ, ವರ್ಷದ ಮೇಲೆ ಬರೆದದ್ದರಲ್ಲಿ ಇದೆ. ಹೇಳಿ ಹೇಳಿ ನನ್ನ ಕಥೆಯೂ ನುಣ್ಣಗಾಗುತ್ತಿದೆ. ಗುಳಿ, ಹಚ್ಚೆಯ ಮೂರು ಚುಕ್ಕೆ, ಎಣಿಕೆ, ಇವು ಮಾತ್ರ ಎಲ್ಲ ಬರಹಗಳಲ್ಲೂ ಒಂದೇ ರೀತಿ ಇವೆ.

ಇಷ್ಟಕ್ಕೇ ಬಿಟ್ಟಿದ್ದೆ. ಹೋದ ವರ್ಷ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಏಳು ತಿಂಗಳ ಬಸುರಿ. ಉತ್ತರ ಪತ್ರಿಕೆ ನೋಡಿ ನೋಡಿ ತಲೆನೋವು ಎಂದು ಹಣೆ ಒತ್ತಿಕೊಳ್ಳುತ್ತಿದ್ದಳು. ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಅವಳ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಒತ್ತಿದ್ದೆ. ಸಣ್ಣ ಗುಳಿ ಬಿತ್ತು. "ಕಾಲು ಊದೋದು ಭೂಮಿ ಎಳೆಯೋದು. ಕೈ ಯಾಕೆ ಊದ್ತದೆ?" ಎಂದೆ. ನಾನು ಹಾಗೆ ಮಾತಾಡುವವಳಲ್ಲ. ಅವಳು ಹೆದರಿ ಆ ಮಧ್ಯಾಹ್ನವೇ ಆಸ್ಪತ್ರೆಗೆ ಹೋದಳು. ಮರುದಿನ ನಗುತ್ತ ಬಂದಳು.

"ಏನೂ ಇಲ್ವಂತೆ ಮೇಡಂ. ಬಿ.ಪಿ. ನಾರ್ಮಲ್ಲು, ಎಲ್ಲಾ ನಾರ್ಮಲ್ಲು. ಕನ್ನಡಕ ಬದಲಾಯಿಸ್ಬೇಕಂತೆ! ನಕ್ಕು ಕಳಿಸಿದ್ರು."

"ನಗಿಸ್ಕೊಂಡು ಬಂದ್ಯಲ್ಲ, ಸಾಕು" ಎಂದೆ. ನನಗೂ ನಗು ಬಂತು.

"ಆದ್ರೆ ನಿನ್ನೆ ಎಷ್ಟು ಹೆದರಿಸಿಬಿಟ್ರಿ ಮೇಡಂ! ನಿಮ್ಮ ಮುಖಾನೇ ನೋಡ್ಲಿಲ್ಲ ನಾನು. ಆ ಗುಳೀನೇ ನೋಡ್ತಾ ಇದ್ದೆ."

ಅವಳು ಮಾತು ಮುಗಿಸಿ ತರಗತಿಗೆ ಹೋದಳು. ಹೆದರಿದವರು ತಮ್ಮ ಕೈಯನ್ನು ನೋಡುತ್ತಾರೆ, ಹಿಡಿದವರ ಮುಖವನ್ನಲ್ಲ. ಮುಖ ನೆನಪಿಲ್ಲ ಎಂಬುದು ಅವಳು ಇರಲಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ. ಆಗ ಇನ್ನೊಂದು ಪ್ರಶ್ನೆ ಹೊಳೆಯಿತು, ಐದು ವರ್ಷದಲ್ಲಿ ಒಮ್ಮೆಯೂ ಹೊಳೆಯದಿದ್ದದ್ದು. ಮುಂದಿನ ಭಾನುವಾರ ಊರಿಗೆ ಹೋದವಳು ನೇರವಾಗಿ ಪಿಳ್ಳಮ್ಮನ ಜಗಲಿಗೆ ಹೋಗಿ ಕೂತೆ. ಮಗಳು ನನ್ನ ಜೊತೆಗಿದ್ದಳು. ಆ ದಿನ ನಾನು ಹೇಗೆ ಕೂತಿದ್ದೆ, ಕೈ ಎಲ್ಲಿತ್ತು ಎಂದು ಕೇಳಿದೆ. ಏನನ್ನೂ ನಾನಾಗಿ ಸೂಚಿಸದ ಹಾಗೆ, ಸಾಕ್ಷಿಯನ್ನು ಕೇಳುವ ಕ್ರಮದಲ್ಲೇ ಕೇಳಿದೆ.

"ಕೈ ಮುಂದಕ್ಕೆ ಚಾಚ್ಕೊಂಡು ಕೂತಿದ್ದೆ ಕಣಮ್ಮ."

"ಯಾವ ಕೈ?"

ಪಿಳ್ಳಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಬಳೆ ತೊಡಿಸಿಕೊಳ್ಳಲು ಕೂತವರ ಹಾಗೆ ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳು ಸಡಿಲ ಬಿಟ್ಟು ತೋರಿಸಿದಳು.

"ಎರಡೂನೂ" ಎಂದಳು. "ಅಲ್ಲಾಡಿಸ್ಲೇ ಇಲ್ಲ ನೀನು."

ಆಗಲೇ ಅದು ಐದು ವರ್ಷ ಹಳೆಯ ಮಾತು. ಅವಳಿಗೂ ವಯಸ್ಸಾಗಿದೆ, ಅವಳ ಕಥೆಯೂ ನುಣ್ಣಗಾಗಿರಬಹುದು. ಇದೆಲ್ಲ ನನಗೆ ಗೊತ್ತು. ಮಗಳು ಪಿಳ್ಳಮ್ಮನನ್ನು ನೋಡಿ ಆಟವೆಂದುಕೊಂಡು ತಾನೂ ಎರಡು ಕೈ ಚಾಚಿ ಕೂತಳು. ಎರಡೂ ಕೈ ಹಾಗೆ ಅಲುಗದೆ ಇದ್ದರೆ ಬಳೆ ಬಿಡಿಸಿದ ಕೈ ಯಾರದು? ಆ ರಾತ್ರಿ ಡೈರಿಯಲ್ಲಿ ಈ ಪ್ರಶ್ನೆಯನ್ನು ಬರೆದು, ಅದರ ಕೆಳಗೆ ಎರಡು ಸಾಲು ಖಾಲಿ ಬಿಟ್ಟೆ. ಅವು ಇನ್ನೂ ಹಾಗೇ ಇವೆ.